ಒಲೆಯ ಮುಂದೆ ಕೂತವರು

ಹೊಳೆಯ ದಂಡೆಯಲ್ಲೊಂದು ಮಠ. ಮಠದಲ್ಲಿ ದಾಸೋಹದ ಒಲೆ. ಆ ಒಲೆ ಆರಬಾರದು ಎಂಬುದು ಕಟ್ಟಳೆ.

ಮೂಲಗುರುಗಳು ಹಚ್ಚಿದ ಬೆಂಕಿ ಅದು. ಹಸಿದವನು ಯಾವ ಹೊತ್ತಿಗೆ ಬಂದರೂ ಬಿಸಿ ಅಂಬಲಿ ಸಿಗಬೇಕು ಅಂತ ಅವರು ಮಾಡಿದ ಕಟ್ಟಳೆ. ಕಾಲ ಕಳೆದ ಹಾಗೆ ಜನ ಹಸಿದವನನ್ನು ಮರೆತರು, ಕಟ್ಟಳೆಯನ್ನು ಮಾತ್ರ ಹಿಡಿದುಕೊಂಡರು. ಕಾಳು ತೂರಿ ಹೊಟ್ಟು ಕಟ್ಟಿಕೊಳ್ಳುವ ಮಂದಿ ನಾವು.

ಮಠದ ಗುರು ರಾಚಯ್ಯಜ್ಜ. ಮಾತು ಕಡಿಮೆ, ಸಿಟ್ಟು ಜಾಸ್ತಿ. ಸಿಟ್ಟು ಬಂದರೆ ಮಾತು ಇನ್ನೂ ಕಡಿಮೆ.

ಶಿಷ್ಯ ಅಡಿವೆಯ್ಯ. ದಾಸೋಹದ ಉಸ್ತುವಾರಿ ಅವನದು. ಅಜ್ಜನ ಗಾದಿಗೆ ಮುಂದೆ ಅವನೇ ಅಂತ ಊರೆಲ್ಲ ಆಡಿಕೊಳ್ಳುತ್ತಿತ್ತು. ಅವನೂ ಕೇಳಿಸಿಕೊಂಡಿದ್ದ.

ಅಡುಗೆ ಮಾಡುವವಳು ಸಾತವ್ವ. ಗಂಡ ಸತ್ತಮೇಲೆ ಮಠಕ್ಕೆ ಬಂದವಳು. ತವರಿಲ್ಲ, ಮನೆಯಿಲ್ಲ. ಮಠದ ಅಡುಗೆಮನೆಯೇ ಅವಳ ಮನೆ.

ಒಂದು ವರ್ಷ ಹೊಳೆ ಉಕ್ಕಿ ಬಂತು. ಮಠದ ಕಟ್ಟಿಗೆಯನ್ನೆಲ್ಲ ಕೊಚ್ಚಿಕೊಂಡು ಹೋಯಿತು. ಉಳಿದದ್ದು ಹಸಿ. ಊದಿ ಊದಿ ಸಾತವ್ವನ ಕಣ್ಣು ಬಾತುಕೊಂಡವು.

ಆಗ ಬಾಳನಗೌಡ ಒಂದು ಹೊಸ ನಮೂನೆಯ ಒಲೆ ತಂದು ಕೊಟ್ಟ. ಗೌಡ ಮಠದ ದೊಡ್ಡ ಭಕ್ತ. ಆ ಸೀಮೆಗೆ ಮೊದಲ ಮೋಟಾರು ತಂದವನು. ಈ ಒಲೆಯೂ ಅವನ ಮೋಟಾರಿನ ಹಾಗೆ ಪೆಟ್ರೋಲು ಕುಡಿಯುತ್ತಿತ್ತು.

ಗೋಡೆಯ ಮೇಲೆ ಎತ್ತರದಲ್ಲಿ ಹಿತ್ತಾಳೆಯ ಟಾಕಿ. ಅಲ್ಲಿಂದ ಇಳಿಯುವ ಸಣ್ಣ ಕೊಳವೆ, ತಿರುವಲು ಒಂದು ಚಾವಿ. ಕೆಳಗೆ ಕಬ್ಬಿಣದ ತೂತುಬಿಲ್ಲೆ, ಉರಿ ಏಳುವುದು ಅಲ್ಲಿ. ಕೊಳವೆ ಮಾತ್ರ ನೇರ ಅದರೊಳಗೆ ಹೋಗದೆ, ಬಿಲ್ಲೆಯ ಮೇಲೆ ಹಾದು ಸುತ್ತು ಹಾಕಿ ಕೆಳಗಿಳಿದಿತ್ತು.

"ಇದ್ಯಾಕ ಹಿಂಗ ಸುತ್ತ ಹಾಕೇತಿ?" ಅಜ್ಜ ಕೇಳಿದರು.

ಗೌಡನ ಮೋಟಾರು ನಡೆಸುವವನು ಹೇಳಿಕೊಟ್ಟ. "ಕಾಯಾಕ್ರೀ ಅಜ್ಜಾರ. ಪೆಟ್ರೋಲು ಟಾಕಿಯಿಂದ ನೀರಾಗಿ ಇಳೀತದ. ಉರಿ ಮ್ಯಾಲಿನ ಕೊಳವಿಯೊಳಗ ಉಗಿ ಆಗ್ತದ. ಆ ಉಗಿ ಸೂಜಿ ಮೊನಿಯಷ್ಟು ತೂತಿನಿಂದ ಗಾಳಿ ಎಳಕೊಂಡು ಹೊರಗ ಬಂದು ಉರೀತದ. ಆ ಉರಿ ಮತ್ತ ಕೊಳವಿ ಕಾಸ್ತದ."

"ಅಂದ್ರ ತನ್ನ ಉರಿಗೆ ತಾನ ಉಗಿ ಮಾಡ್ಕೋತದ."

"ಹೌದ್ರೀ."

"ಮೊದಲನೇ ಉರಿ ಯಾರು ಕೊಡೂದು?"

"ಅದಕ್ಕ ಈ ಬಟ್ಟಲ. ಕೊಳವಿ ಕೆಳಗೈತಿ ನೋಡ್ರಿ. ಇದರಾಗ ಒಂಚೂರು ಪೆಟ್ರೋಲು ಹಾಕಿ ಹಚ್ಚಬೇಕು. ಕೊಳವಿ ಚಲೋತ್ನಾಗಿ ಕಾದಮ್ಯಾಲೆ ಚಾವಿ ತಿರುವಬೇಕು. ಅವಸರ ಮಾಡಿದ್ರ ಹಸಿ ಪೆಟ್ರೋಲು ಉಕ್ಕಿ ಜಂತಿಗೆ ಹತ್ತತದ."

ಅಜ್ಜ ತಲೆದೂಗಿದರು.

"ಇನ್ನೊಂದು ಮಾತ್ರೀ. ಟಾಕಿ ತುಂಬೂಮುಂದ ಒಲಿ ಆರಿಸಬೇಕು. ಟಾಕಿ ಕಳಚಿ ಅಂಗಳಕ್ಕ ಒಯ್ದು ತುಂಬಬೇಕು. ಪೆಟ್ರೋಲು ಡಬ್ಬಿ ಬಾಯಿ ತೆರೆದ್ರ ಕಣ್ಣಿಗೆ ಕಾಣದ ಉಗಿ ಏಳ್ತದ. ಹೊಗಿ ಮ್ಯಾಲೇರ್ತದ, ಇದು ಕೆಳಗ ಹರೀತದ. ಬೆಂಕಿ ಎಲ್ಲಿದ್ರೂ ಹುಡಿಕ್ಕೊಂಡು ಹೋಗಿ ಹತ್ತತದ. ಮುಂದ ಇದ್ದವರು ಉಳಿಯಂಗಿಲ್ಲ."

ಅಜ್ಜ ಬಿಡಲಿಲ್ಲ. ಅಡಿವೆಯ್ಯನ ಬಾಯಿಂದ ಒಮ್ಮೆ ಹೇಳಿಸಿದರು. ಸಾತವ್ವನ ಬಾಯಿಂದ ಒಮ್ಮೆ ಹೇಳಿಸಿದರು. ಗೌಡ ಅಲ್ಲೇ ನಿಂತು ಮೀಸೆ ತಿರುವುತ್ತ ಎಲ್ಲ ಕೇಳಿದ. ಕೇಳಿದ ಅನ್ನುವುದನ್ನು ನೆನಪಿಡಿ.

ಹಳೆಯ ಒಲೆಯ ಕೆಂಡದಿಂದ ಹೊಸ ಒಲೆಯ ಬಟ್ಟಲಿಗೆ ಬೆಂಕಿ ಮುಟ್ಟಿಸಿದರು. ಕೊಳವೆ ಕಾದಿತು. ಚಾವಿ ತಿರುವಿದರು. ಸುಯ್ ಅಂತ ಸದ್ದು ಮಾಡಿ ನೀಲಿ ಉರಿ ಎದ್ದಿತು. ಹೊಗೆಯಿಲ್ಲ, ಮಸಿಯಿಲ್ಲ. ಹಳೆಯ ಒಲೆ ಕಟ್ಟಿಗೆಯಿಲ್ಲದೆ ತಣ್ಣಗಾಯಿತು. ಮೂಲಗುರುಗಳ ಬೆಂಕಿ ಈಗ ಹೊಸ ಒಲೆಯಲ್ಲಿ ಅಂತ ಊರು ಒಪ್ಪಿಕೊಂಡಿತು.

ಟಾಕಿ ಬರಿದಾದಾಗಲೆಲ್ಲ ಸಾತವ್ವ ಒಲೆಯ ಉರಿಯಿಂದ ಒಂದು ಹಣತೆ ಹಚ್ಚುತ್ತಿದ್ದಳು. ಅದನ್ನು ದೂರದ ಪಡಸಾಲೆಯ ಗೂಡಿನಲ್ಲಿಟ್ಟು ಒಲೆ ಆರಿಸುತ್ತಿದ್ದಳು. ಅಂಗಳದಲ್ಲಿ ಟಾಕಿ ತುಂಬಿ ತಂದು, ಅದೇ ಹಣತೆಯಿಂದ ಮತ್ತೆ ಹಚ್ಚುತ್ತಿದ್ದಳು. ಅಡಿವೆಯ್ಯ ದಿನವೂ ನೋಡುತ್ತಿದ್ದ. ಎಷ್ಟೋ ಸಲ ಹಣತೆ ಹಿಡಿದುಕೊಂಡು ಹೋಗಿ ಗೂಡಿನಲ್ಲಿ ಇಟ್ಟವನೂ ಅವನೇ.

ಅಮಾವಾಸ್ಯೆ ಬಂತು. ಅಡುಗೆಮನೆಯ ಎದುರಿಗೇ ಊಟದ ಪಂಕ್ತಿ ಕೂತಿತ್ತು. ಅಜ್ಜ ಊರೊಳಗೆ ಜ್ವರ ಬಂದವರೊಬ್ಬರನ್ನು ನೋಡಲು ಹೋಗಿದ್ದರು. ಬೇಳೆ ಅರ್ಧ ಬೆಂದಿರುವಾಗ ಉರಿ ಕುಗ್ಗಿತು. ಸಾತವ್ವ ಹಣತೆ ಹಚ್ಚಿಟ್ಟು, ಒಲೆ ಆರಿಸಿ, ಟಾಕಿ ಕಳಚಿಕೊಂಡು ಅಂಗಳಕ್ಕೆ ನಡೆದಳು.

ಅದೇ ಹೊತ್ತಿಗೆ ಬಾಳನಗೌಡ ಒಳಗೆ ಬಂದ. ಒಬ್ಬನೇ ಅಲ್ಲ, ಬೀಗರ ದಂಡು ಕಟ್ಟಿಕೊಂಡು ಬಂದ. ಆರದ ಬೆಂಕಿಯನ್ನು, ಆ ಬೆಂಕಿಗೆ ತಾನು ಕೊಟ್ಟ ಒಲೆಯನ್ನು ತೋರಿಸಬೇಕಿತ್ತು ಅವನಿಗೆ. ದಾರಿಯುದ್ದಕ್ಕೂ ಅದೇ ಜಂಬ ಕೊಚ್ಚಿಕೊಂಡು ಬಂದಿದ್ದ.

ನೋಡಿದರೆ ಒಲೆ ತಣ್ಣಗಿದೆ. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಸಾತವ್ವಾ!" ಗೌಡ ಗುಡುಗಿದ. "ಏನಿದು? ಒಲಿ ಆರೇತಿ!"

ಅವಳು ಟಾಕಿ ಹಿಡಿದುಕೊಂಡೇ ಒಳಗೆ ಬಂದಳು. "ತುಂಬಾಕ ಆರ್ಸೇನ್ರೀ. ಬೆಂಕಿ ಹಣತ್ಯಾಗೈತಿ, ಅಕಾ ಅಲ್ಲಿ ಗೂಡಿನಾಗ. ಈಗ ಹಚ್ಚತೀನಿ."

"ಹಣತಿ ಬ್ಯಾರೆ, ಒಲಿ ಬ್ಯಾರೆ! ಒಲಿ ಆರಬಾರದು ಅಂತ ಕಟ್ಟಳೆ. ಹಣತಿ ಹಚ್ಚಿಡ್ರಿ ಅಂತಲ್ಲ!"

"ಹಂಗಾದ್ರ ಉರಿಯೂ ಒಲಿ ಮ್ಯಾಲೆ ಪೆಟ್ರೋಲು ಸುರೀಲೇನ್ರೀ ಗೌಡ್ರ?"

ಬೀಗರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಗೌಡನ ಮುಖಕ್ಕೆ ರಕ್ತ ಏರಿತು.

"ಗಂಡನ್ನ ನುಂಗಿದಾಕಿ ಇಕಿ," ಅಂದ. "ಈಗ ಮಠದ ಬೆಂಕೀನೂ ನುಂಗಿದ್ಲು."

ಥೂ! ಅನ್ನ ಬೇಯಿಸುವ ಹೆಣ್ಣುಮಗಳಿಗೆ ಆಡುವ ಮಾತೇ ಇದು? ಆಡಿದ ನಾಲಿಗೆ ಅವಳು ತಟ್ಟಿದ ರೊಟ್ಟಿಯನ್ನು ಎಷ್ಟು ಸಲ ತಿಂದಿತ್ತೋ.

ಸಾತವ್ವ ಗೌಡನಿಗೆ ಬೆನ್ನು ಹಾಕಿದಳು. ಬಾಗಿಲ ಬಳಿ ನಿಂತಿದ್ದ ಅಡಿವೆಯ್ಯನ ಕಡೆ ತಿರುಗಿದಳು.

"ದಿನಾ ಹಿಂಗ ಮಾಡ್ತೀನಿ. ನೀನ ಹಣತಿ ಹಿಡೀತಿ. ಹೇಳು ತಮ್ಮಾ."

ಗೌಡನೂ ಕೇಳಿದ. "ಹೌದೇನೋ ಅಡಿವೆಯ್ಯಾ? ದಿನಾ ಒಲಿ ಆರಸ್ತಾಳೇನು?"

ಅಡಿವೆಯ್ಯನಿಗೆ ಗಾದಿ ಕಣ್ಣ ಮುಂದೆ ಬಂತು. ಗೌಡ ಬೇಡ ಅಂದರೆ ಆ ಗಾದಿ ಸಿಗುವುದಿಲ್ಲ ಅನ್ನುವುದೂ ಹೊಳೆಯಿತು. ನೆಲ ನೋಡಿದ.

"ನನಗ ಗೊತ್ತಿಲ್ಲ್ರೀ ಗೌಡ್ರ," ಅಂದ.

ಆಮೇಲೆ ದನಿ ಏರಿಸಿ ಅಂದ: "ಮಠದ ವ್ರತ ಕೆಡಿಸಿದಿ ಸಾತವ್ವಾ. ಹೊರಗ ಹೋಗು."

ಸಾತವ್ವ ಟಾಕಿ ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು. ಇದ್ದೊಂದು ಸೀರೆಯ ಗಂಟು ಕಂಕುಳಿಗೆ ಇಟ್ಟಳು.

"ನಿಮ್ಮ ಬಾಯಾಗ ಮಣ್ಣ ಬೀಳ್ಲಿ," ಅಂದು ಹೊಳೆಯ ಕಡೆ ನಡೆದಳು.

ಅಜ್ಜ ಮರಳಿ ಬರುವಾಗ ಹೊಳೆಯ ಮೆಟ್ಟಿಲ ಮೇಲೆ ಅವಳು ಕೂತಿದ್ದಳು.

"ಯಾಕವ್ವಾ, ಪಂಕ್ತಿ ಬಿಟ್ಟು ಇಲ್ಲಿ ಕುಂತಿ?"

"ನಿಮ್ಮ ಶಿಷ್ಯಾನ್ನ ಕೇಳ್ರಿ."

ಅಜ್ಜ ಅಡುಗೆಮನೆಗೆ ಬಂದರು. ಟಾಕಿಯ ತಳದಲ್ಲಿ ಉಳಿದಿದ್ದ ಪೆಟ್ರೋಲಿನಿಂದಲೇ ಅಡಿವೆಯ್ಯ ಮತ್ತೆ ಒಲೆ ಹಚ್ಚಿದ್ದ. ಉರಿ ತೂಕಡಿಸುತ್ತಿತ್ತು. ಗೌಡ ಬಾಗಿಲಲ್ಲಿ, ಬೀಗರು ಗೌಡನ ಹಿಂದೆ. ಅಡಿವೆಯ್ಯ ನಡೆದದ್ದನ್ನು ಹೇಳಿದ. ತಾನು ನೆಲ ನೋಡಿದ್ದೊಂದನ್ನು ಬಿಟ್ಟು ಎಲ್ಲ ಹೇಳಿದ.

"ವ್ರತ ದೊಡ್ಡದ್ರೀ ಅಜ್ಜಾರ," ಅಂದ. "ಇನ್ನಮ್ಯಾಲೆ ಒಲಿ ಆರಿಸದನ ಟಾಕಿ ತುಂಬೂದು ಅಂತ ಗೌಡ್ರು ಠರಾಯಿಸ್ಯಾರ."

"ಒಲಿ ಹಚ್ಚೀರಲ್ಲ. ಬೆಂಕಿ ಎಲ್ಲಿಂದ ತಂದ್ರಿ?"

ಅಡಿವೆಯ್ಯ ತಡವರಿಸಿದ. "ಹಣತಿಯಿಂದ್ರೀ."

"ಯಾರು ಹಚ್ಚಿಟ್ಟ ಹಣತಿ?"

ಅಡಿವೆಯ್ಯ ಗೂಡಿನ ಕಡೆ ನೋಡಿದ.

"ಇರ್ಲಿ. ಉರಿಯೂ ಒಲಿಗೆ ಟಾಕಿ ತುಂಬೋರು ಯಾರು?"

"ಅಂಬಿಗರ ಓಣಿಯಿಂದ ಒಬ್ಬಾಕೀನ್ನ ಕರಸೇವಿ. ಇನ್ನೇನು ಬರ್ತಾಳ್ರೀ."

"ಆಕೀಗೆ ಈ ಒಲಿ ಗೊತ್ತೈತೇನು?"

"ಇಲ್ಲ್ರೀ. ಗೊತ್ತಿಲ್ಲದಾಕಿ ಆದ್ರ ಅಂಜಂಗಿಲ್ಲ ಅಂದ್ರು ಗೌಡ್ರು."

ಹಾವು ಕೂಡ ಬುಸ್ ಅಂದು ಕಚ್ಚುತ್ತದೆ. ಮನುಷ್ಯರು, ಅದರಲ್ಲೂ ಮಠಕ್ಕೆ ಬಂದು ವಿಭೂತಿ ಹಚ್ಚಿಕೊಳ್ಳುವ ಮನುಷ್ಯರು, ಹೀಗೂ ಲೆಕ್ಕ ಹಾಕಬಲ್ಲರು. ಗೊತ್ತಿಲ್ಲದವಳನ್ನು ಕರೆತನ್ನಿ, ಅವಳು ಅಂಜುವುದಿಲ್ಲ!

ಅಜ್ಜನಿಗೆ ಸಿಟ್ಟು ನೆತ್ತಿಗೇರಿತು. ಆದರೂ ಮೆಲ್ಲಗೆ ಕೇಳಿದರು.

"ಅಡಿವೆಯ್ಯಾ, ಡಬ್ಬಿ ಬಾಯಿ ತೆರೆದ್ರ ಏನಾಗ್ತದ?"

"ಕಣ್ಣಿಗೆ ಕಾಣದ ಉಗಿ ಏಳ್ತದ್ರೀ."

"ಎಲ್ಲಿಗೆ ಹೋಗ್ತದ?"

"ಕೆಳಗ ಹರೀತದ. ಬೆಂಕಿ ಹುಡಿಕ್ಕೊಂಡು."

"ಮುಂದ ಇದ್ದವರು?"

"ಉಳಿಯಂಗಿಲ್ಲ."

"ಪಾಠ ಚಲೋ ಬರ್ತದ ನಿನಗ," ಅಂದರು ಅಜ್ಜ.

ಅವರು ಹೋಗಿ ಒಲೆಯ ಮುಂದೆ, ಸಾತವ್ವ ಕೂರುತ್ತಿದ್ದ ಮಣೆಯ ಮೇಲೆ, ಕಾಲು ಮಡಿಚಿ ಕೂತರು. ಉರಿ ಅವರ ಗಡ್ಡಕ್ಕೆ ಗೇಣು ದೂರ ಇತ್ತು.

"ಡಬ್ಬಿ ತಾ. ಸುರಿ."

"ಅಜ್ಜಾರ!"

"ವ್ರತ ದೊಡ್ಡದು ಅಂದ್ಯಲ್ಲ. ಸುರಿ. ಗೌಡಾ, ಬಾ, ನನ್ನ ಬಾಜೂಕ ಕೂಡು. ಒಲಿ ಕೊಟ್ಟಾಂವ ನೀನು. ವ್ರತದ ಪುಣ್ಯೇದಾಗ ನಿನಗೂ ಪಾಲ ಬೇಕಲ್ಲ."

ಗೌಡ ಹೊಸ್ತಿಲಾಚೆ ಸರಿದ. "ನನಗ ಮಂಡಿ ನೋವ್ರೀ ಅಜ್ಜಾರ. ನೆಲಕ್ಕ ಕೂಡಾಕ ಆಗಂಗಿಲ್ಲ."

"ನಿಂತಕೋ. ನಿಂತವಗೂ ಹತ್ತತದ."

ಗೌಡ ಇನ್ನೊಂದು ಹೆಜ್ಜೆ ಹಿಂದೆ ಹೋದ. ಬೀಗರು ಆಗಲೇ ಅಂಗಳದಲ್ಲಿದ್ದರು.

"ನನ್ನ ಮರ್ಯಾದಿ ತಗೀತೀರೇನ್ರೀ? ಬೀಗರ ಮುಂದ?" ಗೌಡ ಹೊರಗಿನಿಂದಲೇ ಕೂಗಿದ. "ಈ ಒಲಿ ನಾ ಕೊಟ್ಟದ್ದು. ಬ್ಯಾಡಾದ್ರ ತಗೊಂಡ್ ಹೋಗ್ತೀನಿ!"

"ತಗೊಂಡ್ ಹೋಗು," ಅಂದರು ಅಜ್ಜ. "ಆದ್ರ ಆರಿಸಬ್ಯಾಡ. ಕಟ್ಟಳೆ ಐತಿ. ಉರಿಯೂದನ್ನ ತಲಿಮ್ಯಾಲೆ ಹೊತಗೊಂಡ್ ಹೋಗು."

ನಕ್ಕಿದ್ದ ಬೀಗ ಈ ಸಲ ಬಾಯಿಗೆ ಶಲ್ಯ ಒತ್ತಿಕೊಂಡ.

ಅಡಿವೆಯ್ಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಏಳ್ರಿ ಅಜ್ಜಾರ. ನಿಮ್ಮ ಕಾಲ ಬೀಳ್ತೀನಿ."

"ನೀ ಸುರಿ."

"ನನ್ನ ಕೈಲಿ ಆಗಂಗಿಲ್ಲ."

"ಮತ್ತ ಯಾರ ಕೈಲಿ ಆಗ್ತದ? ಅಂಬಿಗರ ಓಣಿಯಾಕಿ ಬರೂತನಾ ಕಾಯೂಣೇನು?"

ಅಡಿವೆಯ್ಯನ ಕಣ್ಣಲ್ಲಿ ನೀರು ಬಂತು. ಡಬ್ಬಿಯನ್ನು ಅಂಗಳದ ಆಚೆ ತುದಿಗೆ ಒಯ್ದು ಇಟ್ಟ. ತಿರುಗಿ ಬಂದು ಒಲೆಯ ಚಾವಿ ತಿರುವಿದ. ಉರಿ ಒಮ್ಮೆ ಟಪ್ ಅಂದು ಹೋಯಿತು.

"ಆರ್ತು!" ಹೊರಗಿನಿಂದ ಗೌಡ ಅರಚಿದ. "ಮೂಲಗುರುಗಳ ಒಲಿ ಆರ್ತು! ಶಿಷ್ಯಾನ ಆರ್ಸಿದ!"

ಪಂಕ್ತಿಯಲ್ಲಿ ಕೂತಿದ್ದ ಒಬ್ಬ ಮುದುಕ ಎದ್ದು ನಿಂತ. "ಒಲಿ ಆರಿದ್ದು ಅತ್ಲಾಗಿರ್ಲಿ ಗೌಡ್ರ. ಊಟ ಯಾವಾಗ ಬರ್ತದ? ಹೊತ್ತು ನೆತ್ತಿ ದಾಟೇತಿ."

ಗೌಡ ಅಂಗಳ ದಾಟಿದ. ಮೋಟಾರು ಹತ್ತಿದ. ಬೀಗರು ಊಟ ಮಾಡಿಕೊಂಡು ಬರುತ್ತೇವೆ ಅಂದು ಉಳಿದುಕೊಂಡರು.

ಅಡಿವೆಯ್ಯ ಕಣ್ಣೊರೆಸಿಕೊಂಡ. "ಸಾತವ್ವನ್ನ ಕರ್ಕೊಂಡ್ ಬರ್ತೀನ್ರೀ."

"ಏನಂತ ಕರೀತಿ?"

"ಅಜ್ಜಾರು ಕರದಾರ ಅಂತ."

"ಹೊರಗ ಹಾಕಿದಾಂವ ನಾ ಅಲ್ಲ. ನಾ ಯಾಕ ಕರೀಲಿ?"

ಅಡಿವೆಯ್ಯ ತಲೆ ತಗ್ಗಿಸಿ ಹೊಳೆಗೆ ಹೋದ. ಸಾತವ್ವ ನೀರು ನೋಡುತ್ತ ಕೂತಿದ್ದಳು. ಅವನು ಎರಡು ಮೆಟ್ಟಿಲು ಕೆಳಗೆ ನಿಂತ.

"ಬಾ ಸಾತವ್ವಾ."

"ಯಾಕ? ಬೆಂಕಿ ನುಂಗಾಕಿ ಯಾಕ ಬೇಕು?"

"ನಾ ಸುಳ್ಳ ಹೇಳೀನಿ. ನನಗ ಗೊತ್ತಿತ್ತು."

"ಇಲ್ಲಿ ಹೇಳಬ್ಯಾಡ," ಅಂದಳು. "ಇಲ್ಲಿ ಹೊಳಿ ಬಿಟ್ರ ಯಾರದಾರ ಕೇಳಾಕ? ನನ್ನ ಮಾನ ಹೋಗಿದ್ದು ಪಂಕ್ತಿ ಮುಂದ. ಅಲ್ಲಿ ಬಂದು ಹೇಳು."

ಅವನು ಹೇಳಿದ. ಎಲೆ ಹಾಕಿಕೊಂಡು ಕೂತ ಎಲ್ಲರ ಮುಂದೆ, ಗೌಡನ ಬೀಗರ ಮುಂದೆ, ಕೈ ಜೋಡಿಸಿ ಹೇಳಿದ. "ಸಾತವ್ವಂದು ಏನೂ ತಪ್ಪಿಲ್ಲ. ದಿನಾ ಹಣತಿ ಹಿಡಿದಾಂವ ನಾನು. ಗೊತ್ತಿಲ್ಲ ಅಂತ ಸುಳ್ಳಾಡಿದೆ."

"ಆತು," ಅಂದಳು ಸಾತವ್ವ. "ನಿನ್ನ ಸಲುವಾಗಿ ಬಂದಿಲ್ಲ ನಾನು. ಹಸಿದವರು ಕುಂತಾರ ಅಂತ ಬಂದೀನಿ."

ಅಷ್ಟರಲ್ಲಿ ಅಂಬಿಗರ ಓಣಿಯ ಹೆಣ್ಣುಮಗಳು ಬಂದು ಬಾಗಿಲಲ್ಲಿ ನಿಂತಿದ್ದಳು. ಪಾಪ, ಯಾತಕ್ಕೆ ಕರೆದಿದ್ದಾರೆ ಅನ್ನುವುದೂ ಅವಳಿಗೆ ಗೊತ್ತಿರಲಿಲ್ಲ. ಸಾತವ್ವ ಅವಳನ್ನು ಒಳಗೆ ಕರೆದಳು.

"ಬಾ ಯವ್ವಾ. ಮೊದಲ ಇದನ್ನ ನೋಡು. ಇದು ಚಾವಿ. ಹಿಂಗ ತಿರುವಿದ್ರ ಒಲಿ ಆರ್ತದ. ಹಚ್ಚೂದು ಆಮ್ಯಾಲೆ ಕಲಿ."

ಟಾಕಿಯನ್ನು ಅಂಗಳದಲ್ಲಿ ತುಂಬಿದರು. ತಂದು ಗೋಡೆಗೆ ಸಿಕ್ಕಿಸಿದರು. ಗೂಡಿನ ಹಣತೆ ಇನ್ನೂ ಉರಿಯುತ್ತಿತ್ತು. ಸಾತವ್ವ ಅದರಿಂದ ಬಟ್ಟಲು ಹಚ್ಚಿದಳು. ಅಡಿವೆಯ್ಯ ಅವಸರದಲ್ಲಿ ಚಾವಿಗೆ ಕೈ ಹಾಕಿದ. ಅವಳು ಕೈ ಸರಿಸಿದಳು.

"ತಡಿ. ಕಾಯ್ಲಿ."

ಕೊಳವೆ ಕಾದಿತು. ಚಾವಿ ತಿರುವಿದಳು. ಮೊದಲು ಹಳದಿ ಕಾರಿ, ಆಮೇಲೆ ನೀಲಿ ಉರಿ ಎದ್ದಿತು. ಬೇಳೆ ಕುದಿಯಿತು. ಪಂಕ್ತಿಗೆ ಅನ್ನ ಬಿತ್ತು. ಬೀಗರು ಎರಡು ಸಲ ಸಾರು ಹಾಕಿಸಿಕೊಂಡರು.

ಎಲ್ಲ ಮುಗಿದ ಮೇಲೆ ಅಜ್ಜ ಹೊಳೆಯ ಮೆಟ್ಟಿಲಿಗೆ ಹೋಗಿ ಕೂತರು. ಅಡಿವೆಯ್ಯ ಹಿಂದೆಯೇ ಬಂದ. ಅವನ ಎದೆ ಹಗುರಾಗಿತ್ತು. ಗುರುವಿನ ಪಾದಕ್ಕೆ ಹಣೆ ಹಚ್ಚಿದ.

"ಅಜ್ಜಾರ, ನೀವು ಆ ಒಲಿ ಮುಂದ ಕುಂತ್ರಿ. ನನ್ನ ಕಣ್ಣ ತೆರದ್ವು."

ಅಜ್ಜ ಕಾಲು ಹಿಂದಕ್ಕೆ ಎಳೆದುಕೊಂಡರು. ಅವರ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನಾ ಕುಂತಾಗ ತೆರದ್ವು," ಅಂದರು. "ಅಂಬಿಗರ ಓಣಿಯಾಕಿ ಕೂಡೂದಿತ್ತಲ್ಲ, ಆಗ ಯಾಕ ತೆರೀಲಿಲ್ಲ?"